ಮನೆವಾರ್ತೆಯೂ ಸಭೆಯ ಬೊಕ್ಕಸವೂ

ಸಂಸ್ಕೃತದಲ್ಲಿ ‘ಅರ್ಥ’ವೆಂಬ ಒಂದೇ ಶಬ್ದವು ಧನವನ್ನೂ ಹೇಳುತ್ತದೆ, ಮಾತಿನ ತಾತ್ಪರ್ಯವನ್ನೂ ಹೇಳುತ್ತದೆ. ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಇದು ಬರಿಯ ಕೋಶಕಾರರ ಸಂಗತಿಯೆಂದು ಎಂದೂ ತೋರಲಿಲ್ಲ. ಒಬ್ಬ ಗೃಹಸ್ಥನ ಬಾಳಿನ ತಾತ್ಪರ್ಯವನ್ನು ತಿಳಿಯಬೇಕಾದರೆ ಆತನ ಮಾತುಗಳನ್ನು ಕೇಳುವುದಕ್ಕಿಂತ ಆತನ ಜಮಾಖರ್ಚಿನ ಪುಸ್ತಕವನ್ನು ನೋಡುವುದು ಮೇಲು. ಒಂದು ಸಭೆಯ ಭಕ್ತಿಯು ಎಂಥದೆಂದು ತಿಳಿಯಬೇಕಾದರೂ ದಾರಿ ಅದೇ.

ನಾವು ಹುಟ್ಟಿನಿಂದ ಕ್ರೈಸ್ತರು, ವಿದ್ಯೆಯಿಂದ ಸಂಸ್ಕೃತದವರು. ಉಪಾಧ್ಯಾಯವೃತ್ತಿಯಿಂದ ನಿವೃತ್ತರಾಗುವ ಮುಂಚೆಯೇ ನಮ್ಮ ಊರಿನ ಚಿಕ್ಕ ಸಭೆಯ ಖಜಾಂಚಿಯ ಕೆಲಸವು ನಮ್ಮ ಕೊರಳಿಗೆ ಬಿದ್ದಿತು. ಇಂದಿಗೆ ಒಂಬತ್ತು ವರ್ಷಗಳಾದವು. ದೇವರ ಮನೆಯಲ್ಲಿ ಹಣದ ಮಾತನ್ನು ಆಡಕೂಡದೆಂದು ಹೇಳುವ ಹಿರಿಯರು ನಮ್ಮಲ್ಲಿ ಉಂಟು. ಆದರೆ ನಮ್ಮ ಗುರುವಾದ ಯೇಸುವು ಆ ಮಾತನ್ನು ಬೇಕಾದಷ್ಟು ಆಡಿದ್ದಾನೆ. ಕಳೆದುಹೋದ ನಾಣ್ಯವನ್ನು ದೀಪ ಹಚ್ಚಿ ಹುಡುಕುವ ಹೆಂಗಸು, ದ್ರಾಕ್ಷಿಯ ತೋಟದ ಕೂಲಿಯಾಳುಗಳು, ಒಡೆಯನ ಹಣವನ್ನು ನೆಲದಲ್ಲಿ ಹೂತಿಟ್ಟ ಮೈಗಳ್ಳ, ಗೋಪುರ ಕಟ್ಟುವ ಮುಂಚೆ ಕುಳಿತು ಖರ್ಚನ್ನು ಎಣಿಸತಕ್ಕವನು, ಇವರೆಲ್ಲರೂ ಆತನ ಸಾಮ್ಯಗಳಲ್ಲಿ ಬರುವವರೇ. ಆದುದರಿಂದ ಮನೆವಾರ್ತೆಯ ವಿಷಯವಾಗಿಯೂ ಸಭೆಯ ಬೊಕ್ಕಸದ ವಿಷಯವಾಗಿಯೂ ನಮಗೆ ತಿಳಿದುಬಂದ ನಾಲ್ಕು ಸಂಗತಿಗಳನ್ನು ವಾಚಕರ ಮುಂದೆ ಇಡುತ್ತೇವೆ. ಅನ್ಯ ಮತದ ವಾಚಕರು ‘ಸಭೆ’ಯೆಂದಿರುವಲ್ಲಿ ತಮ್ಮ ದೇವಸ್ಥಾನವನ್ನೋ ಮಠವನ್ನೋ ಇಟ್ಟು ಓದಿಕೊಂಡರೂ ಬಾಧಕವಿಲ್ಲ.

ಕನ್ನಡ ಸತ್ಯವೇದವನ್ನು ಓದಿದವರಿಗೆ ‘ಮನೆವಾರ್ತೆಯವನು’ ಎಂಬ ಶಬ್ದವು ಪರಿಚಿತವಾದದ್ದು. ಒಡೆಯನ ಆಸ್ತಿಯನ್ನು ನೋಡಿಕೊಂಡು, ಮನೆಯವರಿಗೆ ಹೊತ್ತುಹೊತ್ತಿಗೆ ಅಶನವನ್ನು ಅಳೆದು ಕೊಟ್ಟು, ಕೇಳಿದ ದಿನ ಲೆಕ್ಕವನ್ನು ಒಪ್ಪಿಸತಕ್ಕವನೇ ಮನೆವಾರ್ತೆಯವನು. ಇಲ್ಲಿ ‘ವಾರ್ತೆ’ಯೆಂದರೆ ಸುದ್ದಿಯಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿದ್ಯೆಗಳು ನಾಲ್ಕೆಂದು ಹೇಳಿದೆ. ಅವುಗಳಲ್ಲಿ ‘ವಾರ್ತಾ’ ಎಂಬುದು ಕೃಷಿ, ಪಶುಪಾಲನೆ, ವಾಣಿಜ್ಯಗಳ ವಿದ್ಯೆ, ಅಂದರೆ ಜೀವನೋಪಾಯದ ವಿದ್ಯೆ. ಸತ್ಯವೇದದ ಭಾಷಾಂತರಕಾರರು ಈ ಶಬ್ದವನ್ನು ಆರಿಸಿಕೊಂಡದ್ದು ನಮಗೆ ಬಹಳ ಸಂತೋಷದ ಸಂಗತಿ. ಕ್ರೈಸ್ತ ಗೃಹಸ್ಥನ ಆರ್ಥಿಕ ಧರ್ಮವೆಲ್ಲ ಅದರಲ್ಲಿಯೇ ಅಡಗಿದೆ. ನಮ್ಮ ಕೈಯಲ್ಲಿರುವುದು ನಮ್ಮದಲ್ಲ. ನಮ್ಮ ವಶಕ್ಕೆ ಕೊಟ್ಟದ್ದು. ಕೊಟ್ಟವನು ಒಂದು ದಿನ ಲೆಕ್ಕ ಕೇಳತಕ್ಕವನು.

ಮೊದಲು ಮನೆಯ ಮಾತು. ನಿವೃತ್ತಿವೇತನವು ಬ್ಯಾಂಕಿಗೆ ಬಂದ ದಿನ ಸಾಯಂಕಾಲ ನಾವೂ ನಮ್ಮ ಮನೆಯವರೂ ಪುಸ್ತಕವನ್ನು ತೆರೆದು ಕೂರುತ್ತೇವೆ. ಹಣವನ್ನು ನಾಲ್ಕು ಪಾಲು ಮಾಡುತ್ತೇವೆ. ಮೊದಲನೆಯದು ಪರರ ಪಾಲು: ಅಂಗಡಿಯ ಬಾಕಿ, ಹಾಲಿನವನ ಲೆಕ್ಕ, ಮನೆಗೆಲಸದವಳ ಸಂಬಳ. ಎರಡನೆಯದು ದೇವರ ಪಾಲು. ಮೂರನೆಯದು ನಾಳೆಯ ಪಾಲು, ಎಂದರೆ ಉಳಿತಾಯ. ನಾಲ್ಕನೆಯದು ಸಂಸಾರದ ಖರ್ಚು. ಪ್ರಥಮಫಲವು ದೇವರದೆಂದು ಶಾಸ್ತ್ರವಿರುವಾಗ ಪರರ ಪಾಲನ್ನು ಅದಕ್ಕಿಂತ ಮುಂದೆ ಇಟ್ಟದ್ದೇಕೆಂದು ವಾಚಕರು ಕೇಳಬಹುದು. ಪ್ರಥಮಫಲವನ್ನು ನಮ್ಮ ಹೊಲದಿಂದ ತರಬೇಕೇ ಹೊರತು ನೆರೆಯವನ ಹೊಲದಿಂದಲ್ಲ. ಕೂಲಿಯವನ ಕೂಲಿಯನ್ನು ಸೂರ್ಯಾಸ್ತದೊಳಗೆ ಕೊಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ವಿಧಿಸಿದೆ. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಅವರನ್ನು ಬರಿಗೈಯಲ್ಲಿ ಕಳುಹಿಸುತ್ತಿದ್ದವರನ್ನು ಯೇಸುವು ಕಠಿನವಾಗಿ ಗದರಿಸಿದನು. ಕೆಲಸದವಳ ಸಂಬಳವನ್ನು ತಡೆದು ಹಾಕಿದ ಕಾಣಿಕೆಯು ಆ ಕೊರ್ಬಾನಿನ ಜಾತಿಯದೇ.

ಬೆಂಗಳೂರಿನಲ್ಲಿರುವ ನಮ್ಮ ಮಗನು ಹೋದ ಬೇಸಗೆಯಲ್ಲಿ ಮನೆಗೆ ಬಂದಿದ್ದಾಗ ಒಂದು ಪ್ರಶ್ನೆಯನ್ನು ಕೇಳಿದನು. “ಅಪ್ಪಾ, ಮನೆಯ ಸಾಲದ ಕಂತು, ಕಾರಿನ ಕಂತು ಹೋದ ಮೇಲೆ ಉಳಿದದ್ದರಲ್ಲಿ ದಶಮಾಂಶವೋ, ಇಡೀ ಸಂಬಳದಲ್ಲಿಯೋ?” ಎಂದನು. ಪ್ರಶ್ನೆಯು ಪ್ರಾಮಾಣಿಕವಾದದ್ದು. ನಾವು ಹೇಳಿದ್ದು ಇಷ್ಟು: “ಸಾಲವನ್ನು ಕೊಡುವುದು ಧರ್ಮವೇ, ಮಗು, ಕೊಡದೆ ಕಾಣಿಕೆ ಹಾಕು ಎಂದು ನಾವು ಹೇಳುವುದಿಲ್ಲ. ಆದರೆ ದೇವರ ಪಾಲಿಗೆ ಸರದಿಯೇ ಬಾರದಂತೆ ಕಂತಿನ ಮೇಲೆ ಕಂತನ್ನು ಕಟ್ಟಿಕೊಂಡವನು ಯಾರು? ಮೊದಲನೆಯ ಕಂತಿಗೆ ನೆರಳಿಗೊಂದು ಮನೆ ಬಂದಿತು. ಎರಡನೆಯ ಕಂತಿಗೆ ಏನು ಬಂದಿತೆಂದು ನೀನೇ ನೋಡಿಕೋ.” ಆತನು ನಕ್ಕನು, ಆ ವಿಷಯವಾಗಿ ಮತ್ತೆ ಮಾತು ಬೆಳೆಸಲಿಲ್ಲ. ಸಾಲಗಾರನು ಸಾಲ ಕೊಟ್ಟವನಿಗೆ ಆಳಾಗುತ್ತಾನೆಂಬುದು ಜ್ಞಾನೋಕ್ತಿಗಳ ಗ್ರಂಥದ ಅಭಿಪ್ರಾಯ. ಹಿಂದೆ ಆ ಆಳುತನಕ್ಕೆ ಸಾಹುಕಾರನ ಜಗುಲಿಯವರೆಗೆ ನಡೆದು ಹೋಗಬೇಕಾಗಿತ್ತು. ನಾಚಿಕೆಯು ಅರ್ಧ ದಾರಿಯಲ್ಲಿಯೇ ಅನೇಕರನ್ನು ಹಿಂದಿರುಗಿಸುತ್ತಿತ್ತು. ಈಗ ಅಂಗೈಯಲ್ಲಿರುವ ಫೋನೇ ಸಾಲವನ್ನು ಕೊಡುತ್ತದೆ, ನಾಚಿಕೆಗೆ ಎಡೆಯಿಲ್ಲ.

ವರಮಾನ ಹೆಚ್ಚಿದ ಹಾಗೆಲ್ಲ ಅಗತ್ಯಗಳೂ ಹೆಚ್ಚಲೇಬೇಕೆಂಬ ನಂಬಿಕೆಯು ನಮ್ಮ ಕಾಲದ ಮೂಢನಂಬಿಕೆಗಳಲ್ಲಿ ಒಂದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯೆಂಬ ಬೋಧಕನಿದ್ದನು. ಆತನ ಹೆಸರಿನ ಮಿಷನ್ನು ಮುಂದೆ ಮೈಸೂರು ಸೀಮೆಯಲ್ಲಿ ಶಾಲೆಗಳನ್ನು ತೆರೆದದ್ದರಿಂದ ಕನ್ನಡಿಗರಿಗೂ ಆ ಹೆಸರು ಹೊಸದಲ್ಲ. ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಷಕ್ಕೆ 30 ಪೌಂಡು ಬರುತ್ತಿದ್ದ ಕಾಲದಲ್ಲಿ ಆತನು 28 ಪೌಂಡುಗಳಲ್ಲಿ ಜೀವಿಸಿ 2 ಪೌಂಡುಗಳನ್ನು ದಾನ ಮಾಡಿದನಂತೆ. ಮರುವರ್ಷ 60 ಪೌಂಡು ಬಂದಿತು. ಖರ್ಚು 28 ಪೌಂಡೇ, ದಾನವು 32. ಆತನಂತೆ ಬದುಕುವುದು ಮಕ್ಕಳೊಂದಿಗರಿಗೆ ಸಾಧ್ಯವಾಗಲಾರದು. ಆದರೆ ಸಂಬಳ ಹೆಚ್ಚಿದ ವರ್ಷ ಮೊದಲು ಹೆಚ್ಚಬೇಕಾದದ್ದು ಯಾವ ಪಾಲು ಎಂದು ಗಂಡಹೆಂಡಿರು ಕುಳಿತು ಒಮ್ಮೆ ವಿಚಾರ ಮಾಡುವುದಾದರೂ ಸಾಧ್ಯ.

ಕೊಡುವುದು ಶ್ರೀಮಂತರ ಕೆಲಸವೆಂದು ತಿಳಿಯಬಾರದು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಒಂದು ಪದ್ಧತಿಯನ್ನು ಪ್ರಾರಂಭಿಸಿದರು. ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಪಾತ್ರೆಯಲ್ಲಿ ಹಾಕಿಡುವುದು. ಸಭೆಯವರು ಬಂದು ಅದನ್ನು ಕೂಡಿಸಿ ಮಾರಿ ಸೇವೆಗೆ ಉಪಯೋಗಿಸುವುದು. ಆ ಹಿಡಿ ಅಕ್ಕಿಯು ಇಂದಿಗೂ ಅಲ್ಲಿಯ ಸಭೆಯ ದೊಡ್ಡ ಆಧಾರಗಳಲ್ಲಿ ಒಂದು. ನಮ್ಮ ತಾಯಿಯವರೂ ಒಲೆಯ ಪಕ್ಕದಲ್ಲಿ ಅಂಥದೊಂದು ಮಣ್ಣಿನ ಕುಡಿಕೆಯನ್ನು ಇಟ್ಟಿದ್ದರು. ಮನೆಯಲ್ಲಿ ಗಂಜಿಯೇ ಗತಿಯಾಗಿದ್ದ ದಿನಗಳಲ್ಲಿಯೂ ಅದಕ್ಕೆ ಹಿಡಿ ಬೀಳುತ್ತಿತ್ತು; ಹಿಡಿಯು ಚಿಕ್ಕದಾಗುತ್ತಿತ್ತು, ಅಷ್ಟೆ. ಆ ಅಕ್ಕಿಯ ಬೆಲೆ ಎಷ್ಟೆಂಬುದು ಮುಖ್ಯವಲ್ಲ. ದಿನಕ್ಕೆ ಎರಡು ಸಾರಿ ಒಂದು ಕೈಯು ಕೊಡುವುದನ್ನು ಅಭ್ಯಾಸ ಮಾಡಿತು. ಬಡತನದಲ್ಲಿಯೂ ತಾನು ಪಡೆಯುವವಳು ಮಾತ್ರವಲ್ಲ, ಕೊಡುವವಳು ಎಂಬ ಗೌರವವು ಆ ಕೈಗೆ ಉಳಿಯಿತು. ದೇವಾಲಯದ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಯೇಸುವು ಹೊಗಳಿದ್ದೂ ಇದಕ್ಕಾಗಿಯೇ ಅಲ್ಲವೆ?

ಇನ್ನು ಸಭೆಯ ಬೊಕ್ಕಸಕ್ಕೆ ಬರೋಣ. ಬಹಳ ವರ್ಷಗಳ ಹಿಂದೆ, ನಾವು ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ, ಅಲ್ಲಿಯ ಸಭೆಗೆ ಒಬ್ಬ ಹಿರಿಯರು ಖಜಾಂಚಿಗಳಾಗಿದ್ದರು. ಮೃದುಭಾಷಿಗಳು, ದೈವಭಕ್ತರು, ರೋಗಿಗಳ ಮನೆಗೆ ಮೊದಲು ಹೋಗುವವರು ಅವರೇ. ಕಾಣಿಕೆಯ ಹಣವನ್ನು ಆರಾಧನೆಯಾದ ಮೇಲೆ ಅವರೊಬ್ಬರೇ ಮನೆಗೆ ಕೊಂಡುಹೋಗಿ ಎಣಿಸುತ್ತಿದ್ದರು. ದೇವಾಲಯದ ಮಾಡಿನ ದುರಸ್ತಿ ನಡೆಯುತ್ತಿದ್ದ ವರ್ಷ ಬಡಗಿಗೆ, ಹಂಚಿನವನಿಗೆ, ಗಾರೆಯವನಿಗೆ ಅವರ ಕೈಯಿಂದಲೇ ಹಣ ಹೋಗುತ್ತಿತ್ತು. ಕೆಲವಕ್ಕೆ ರಸೀತಿ, ಕೆಲವಕ್ಕೆ ಇಲ್ಲ. ಹೀಗಿರಲು ಒಂದು ರಾತ್ರಿ ಅವರು ಹೃದಯಾಘಾತದಿಂದ ತೀರಿಕೊಂಡರು. ಪುಸ್ತಕವನ್ನು ನೋಡಿದಾಗ 41,000 ರೂಪಾಯಿಗಳಿಗೆ ಲೆಕ್ಕವಿರಲಿಲ್ಲ.

ಆ ಹಣವು ಏನಾಯಿತೆಂಬುದು ಇಂದಿಗೂ ಯಾರಿಗೂ ತಿಳಿಯದು. ಅವರು ಅದನ್ನು ಮುಟ್ಟಿರಲಾರರೆಂದು ನಾವು ನಂಬುತ್ತೇವೆ. ಆದರೆ ನಂಬಿಕೆಯು ಬೇರೆ, ಸಾಕ್ಷ್ಯವು ಬೇರೆ. ಜನರು ಎದುರಿಗೆ ಏನನ್ನೂ ಹೇಳಲಿಲ್ಲ. ಹಿಂದೆ ಹೇಳದೆ ಬಿಡಲಿಲ್ಲ. ಮಗಳ ಮದುವೆಯು ಅದರ ಹಿಂದಿನ ವರ್ಷವೇ ನಡೆದಿತ್ತಲ್ಲ ಎಂದರು ಕೆಲವರು. ಅವರ ಪತ್ನಿಯವರು ಬಳೆಗಳನ್ನು ಮಾರಿ ಆ ಹಣವನ್ನು ತಂದು ಸಭೆಯ ಮೇಜಿನ ಮೇಲೆ ಇಟ್ಟರು. ಸಭೆಯವರು ಅದನ್ನು ತೆಗೆದುಕೊಂಡರು. ಅಂದಿನಿಂದ ಆ ತಾಯಿಯು ಕೊನೆಯ ಬೆಂಚಿನಲ್ಲಿ ಕುಳಿತು ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದರು. ಕಳ್ಳನೊಬ್ಬನು ಸಭೆಯ ಹಣವನ್ನು ಕದ್ದಿದ್ದರೆ ಹೋಗುತ್ತಿದ್ದದ್ದು 41,000 ರೂಪಾಯಿ ಮಾತ್ರ. ಇಲ್ಲಿ ಹೋದದ್ದು ಒಬ್ಬ ಮನುಷ್ಯನ ನಲವತ್ತು ವರ್ಷಗಳ ಹೆಸರು. ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಎಣಿಸಿ ಒಂದು ರುಜು ಹಾಕಿದ್ದರೆ ಅದು ಉಳಿಯುತ್ತಿತ್ತು.

ಈ ಸಂಗತಿಯನ್ನು ಕಂಡಮೇಲೆ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವು ನಮಗೆ ಹೊಸದಾಗಿ ತೆರೆಯಿತು. ಯೆರೂಸಲೇಮಿನ ಬಡವರಿಗಾಗಿ ಪೌಲನು ಗ್ರೀಕ್ ಸೀಮೆಯ ಸಭೆಗಳಲ್ಲಿ ಹಣವನ್ನು ಕೂಡಿಸುತ್ತಿದ್ದನು. ಆತನನ್ನು ಸಂಶಯಿಸುವವರು ಯಾರು? ಆದರೂ ಆತನು ಒಬ್ಬನೇ ಆ ಹಣವನ್ನು ಮುಟ್ಟಲು ಒಪ್ಪಲಿಲ್ಲ. ತೀತನನ್ನೂ, ಅವನೊಂದಿಗೆ ಇನ್ನಿಬ್ಬರು ಸಹೋದರರನ್ನೂ ಕಳುಹಿಸಿದನು. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಯಾರೂ ತಪ್ಪು ಹೊರಿಸಲು ಎಡೆಯಿರಬಾರದು, ನಡತೆಯು ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಎಂಬುದೇ ಆತನು ಕೊಟ್ಟ ಕಾರಣ. ಕೌಟಿಲ್ಯನು ರಾಜನ ಬೊಕ್ಕಸವನ್ನು ಅಪಹರಿಸುವ ಉಪಾಯಗಳು ನಲವತ್ತೆಂದು ಎಣಿಸಿ, ನೀರಿನಲ್ಲಿರುವ ಮೀನು ನೀರನ್ನು ಕುಡಿಯುವುದು ಹೇಗೆ ಕಾಣದೋ ಅಧಿಕಾರಿಯು ಹಣ ತಿನ್ನುವುದೂ ಹಾಗೆಯೇ ಕಾಣದೆಂದು ಎಚ್ಚರಿಸುತ್ತಾನೆ. ಆತನ ಲೆಕ್ಕವು ಕಳ್ಳನನ್ನು ಹಿಡಿಯುವುದಕ್ಕೆ. ಪೌಲನ ಲೆಕ್ಕವು ಸಜ್ಜನನನ್ನು ಕಾಯುವುದಕ್ಕೆ. ಎರಡೂ ಬೇಕು, ಆದರೆ ಸಭೆಯಲ್ಲಿ ಎರಡನೆಯದೇ ಹೆಚ್ಚಾಗಿ ಬೇಕು.

“ದೇವರ ಕೆಲಸದಲ್ಲಿ ಇಷ್ಟೊಂದು ಅಪನಂಬಿಕೆಯೆ? ಯೋವಾಷ ಅರಸನ ಕಾಲದಲ್ಲಿ ಮೇಲ್ವಿಚಾರಕರಿಂದ ಲೆಕ್ಕವನ್ನೇ ಕೇಳುತ್ತಿರಲಿಲ್ಲವಂತೆ” ಎಂದು ನಮ್ಮ ಸಭೆಯ ಒಬ್ಬರು ಆಕ್ಷೇಪಿಸಿದರು. ಅರಸುಗಳ ಎರಡನೆಯ ಗ್ರಂಥದಲ್ಲಿ ಹಾಗೆ ಇರುವುದು ನಿಜ. ಆದರೆ ಅದರ ಹಿಂದಿನ ಭಾಗವನ್ನೂ ಓದಬೇಕು. ದೇವಾಲಯದ ದುರಸ್ತಿಗೆಂದು ಹಣ ಬರುತ್ತಿದ್ದರೂ ಅರಸನ ಆಳ್ವಿಕೆಯ 23ನೆಯ ವರ್ಷದವರೆಗೆ ಕೆಲಸವೇ ನಡೆದಿರಲಿಲ್ಲ. ಆಗ ಯೆಹೋಯಾದನೆಂಬ ಯಾಜಕನು ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ತೂತು ಮಾಡಿ ಯಜ್ಞವೇದಿಯ ಪಕ್ಕದಲ್ಲಿ ಇರಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ, ಅಂದರೆ ಅರಮನೆಯವನೊಬ್ಬನು, ಗುಡಿಯವನೊಬ್ಬನು, ಕೂಡಿ ಎಣಿಸಿ ಚೀಲಗಳಲ್ಲಿ ಕಟ್ಟಿ ಮೇಲ್ವಿಚಾರಕರ ಕೈಗೆ ಕೊಟ್ಟರು; ಅವರು ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೊಟ್ಟರು. ಎಣಿಕೆಯು ಮೊದಲು, ನಂಬಿಕೆಯು ಅದರ ಮೇಲೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧನೆಯೂ ಕೊಡುವವನಿಗೆ ಹೇಳಿದ್ದೇ ಹೊರತು ಇಟ್ಟುಕೊಳ್ಳುವವನಿಗೆ ಅಲ್ಲ. ಕೊಡುವುದು ಗುಟ್ಟಾಗಿರಲಿ, ಕಾಯುವುದು ಬಯಲಾಗಿರಲಿ.

ನಮ್ಮ ಸಭೆಯಲ್ಲಿ ಈಗ ನಡೆಯುತ್ತಿರುವ ಕ್ರಮವು ಸರಳವಾದದ್ದು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೆ ಅಲ್ಲಿಯೇ ಇಬ್ಬರು ಎಣಿಸಿ ರುಜು ಹಾಕುತ್ತಾರೆ. ಆ ಇಬ್ಬರೂ ಒಂದೇ ಮನೆಯವರಾಗಿರಕೂಡದು. ಖಜಾಂಚಿಯು ಎಣಿಸತಕ್ಕದ್ದಲ್ಲ, ಎಣಿಸಿದ್ದನ್ನು ತೆಗೆದುಕೊಳ್ಳತಕ್ಕದ್ದು. ಸೋಮವಾರ ಹಣವೆಲ್ಲ ಬ್ಯಾಂಕಿಗೆ ಹೋಗಬೇಕು. ಖಾತೆಯು ಸಭೆಯ ಹೆಸರಿನಲ್ಲಿಯೇ ಇದ್ದು, ಹಣ ತೆಗೆಯಲು ಇಬ್ಬರ ರುಜು ಬೇಕು. ಗೋಡೆಯ ಮೇಲೆ ಅಂಟಿಸಿರುವ ಯುಪಿಐ ಚಿತ್ರಕ್ಕೂ ಇದೇ ನಿಯಮ. 2016ರಲ್ಲಿ ಆ ಪದ್ಧತಿಯು ಪ್ರಾರಂಭವಾದಂದಿನಿಂದ ಕಾಣಿಕೆಯು ಕಣ್ಣಿಗೆ ಕಾಣದೆ ಸಾಗುತ್ತದೆ. ಆ ಚಿತ್ರವು ಯಾರ ಖಾತೆಗೆ ಸೇರಿದೆಯೆಂದು ಪ್ರತಿಯೊಬ್ಬ ಸಭಿಕನೂ ಕೇಳಬಹುದು, ಕೇಳಲೇಬೇಕು. ತಿಂಗಳ ಜಮಾಖರ್ಚನ್ನು ಬಾಗಿಲ ಪಕ್ಕದ ಹಲಗೆಗೆ ಹಚ್ಚುತ್ತೇವೆ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರು ಪುಸ್ತಕಗಳನ್ನು ನೋಡುತ್ತಾರೆ. ವಿಧವೆಯರಿಗೋ ರೋಗಿಗಳಿಗೋ ಎಂದು ಕೊಟ್ಟ ಹಣವನ್ನು ಬಣ್ಣ ಬಳಿಯುವುದಕ್ಕೆ ಎಷ್ಟು ಅವಸರವಿದ್ದರೂ ಮುಟ್ಟಕೂಡದು. ಸಭಾಪಾಲಕರ ಸಂಬಳವೂ ಗಂಟೆ ಬಾರಿಸುವವನ ಕೂಲಿಯೂ ಬಾಕಿಯಿರುವಾಗ ಹೊಸ ಧ್ವನಿವರ್ಧಕವನ್ನು ಕೊಳ್ಳಕೂಡದು.

ಬೆಳೆಯ ಹಬ್ಬದ ಹರಾಜಿನ ವಿಷಯವಾಗಿ ಒಂದು ಮಾತು. ಜನರು ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿಗಳನ್ನು ಹರಾಜು ಹಾಕುವುದು ನಮ್ಮ ಸಭೆಗಳಲ್ಲಿ ಬಹಳ ಸಂತೋಷದ ಕಾರ್ಯ. ಆದರೆ ಒಂದು ಬದನೆಕಾಯಿಯು ಐನೂರು ರೂಪಾಯಿಗೆ ಹೋದಾಗ ಅಲ್ಲಿ ಬೆಳೆದದ್ದು ಭಕ್ತಿಯೋ ಪ್ರತಿಷ್ಠೆಯೋ ಎಂದು ಸಂಶಯವಾಗುತ್ತದೆ. ಚಪ್ಪಾಳೆಯು ಆ ದಿನವೇ ಬೀಳುತ್ತದೆ. ಹಣವು ಕೆಲವೊಮ್ಮೆ ಕ್ರಿಸ್ಮಸ್ ಕಳೆದರೂ ಬೀಳುವುದಿಲ್ಲ. ಕೂಗಿದವರ ಮನೆಗೆ ಖಜಾಂಚಿಯು ಮೂರು ಸಾರಿ ನಡೆಯಬೇಕಾಗುತ್ತದೆ. ಹತ್ತು ಕೊಟ್ಟರೆ ದೇವರು ನೂರು ಕೊಡುತ್ತಾನೆಂದು ವೇದಿಕೆಯ ಮೇಲೆ ನಿಂತು ಹೇಳುವ ಬೋಧಕರೂ ಈ ಪ್ರತಿಷ್ಠೆಯ ನಂಟರೇ. ಕಾಣಿಕೆಯು ಕೃತಜ್ಞತೆಯೇ ಹೊರತು ಬಡ್ಡಿಗೆ ಹಾಕಿದ ಮೂಲಧನವಲ್ಲ. ಅಂಥ ಮಾತನ್ನು ನಂಬಿ ಮಗುವಿನ ಶಾಲೆಯ ಹಣವನ್ನು ಪೆಟ್ಟಿಗೆಗೆ ಹಾಕಿದ ಬಡ ತಾಯಿಯರನ್ನು ನಾವು ಉಪಾಧ್ಯಾಯರಾಗಿ ಕಂಡಿದ್ದೇವೆ.

ಕರಾವಳಿಯ ನಮ್ಮ ಹಿರಿಯರ ಸಭೆಗಳಿಗೆ ಹಣದ ಪಾಠವು ತಡವಾಗಿ, ಕಷ್ಟದಿಂದ ಬಂದಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರು ಕುಲವನ್ನೂ ಕಸುಬನ್ನೂ ಕಳೆದುಕೊಂಡದ್ದರಿಂದ ಮಿಷನ್ನು ಅಚ್ಚುಕೂಟ, ನೆಯ್ಗೆಯ ಶಾಲೆಗಳನ್ನು ತೆರೆಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅನ್ನವೂ ಬೋಧನೆಯೂ ಒಂದೇ ಕೈಯಿಂದ ಬರುತ್ತಿದ್ದಾಗ ಸಭೆಯನ್ನು ನಡೆಸುವ ಭಾರವು ತಮ್ಮದೆಂದು ಜನರಿಗೆ ತೋರುವುದು ಕಷ್ಟ. 1914ರ ಮಹಾಯುದ್ಧದಲ್ಲಿ ಜರ್ಮನ್ ಬೋಧಕರನ್ನು ಸರಕಾರವು ಬಂಧನದಲ್ಲಿಟ್ಟು ದೇಶದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆಗ ಸಭೆಗಳು ತಮ್ಮ ಕಾಲಿನ ಮೇಲೆ ನಿಲ್ಲಲು ಕಲಿಯಬೇಕಾಯಿತು. ಇದನ್ನು ಮುಂಚಿತವಾಗಿಯೇ ಕಂಡವರೂ ಇದ್ದರು. 1905ರಲ್ಲಿ ಸೆರಾಂಪುರದಲ್ಲಿ ವಿ. ಎಸ್. ಅಜರಾಯ ಮೊದಲಾದವರು ಈ ದೇಶದವರ ಹಣದಿಂದಲೇ ಈ ದೇಶದವರೇ ನಡೆಸುವ ಮಿಷನರಿ ಸಂಘವನ್ನು ಸ್ಥಾಪಿಸಿದರು. ಪರದೇಶದ ಹಣದ ಮೇಲೆ ಇಂದು 2010ರ ಕಾಯಿದೆಯೂ 2020ರ ತಿದ್ದುಪಡಿಯೂ ಬಿಗಿಯಾದ ಕಟ್ಟುಗಳನ್ನು ಹಾಕಿವೆ. ಆ ಕಟ್ಟುಗಳ ಗುಣದೋಷಗಳು ಏನೇ ಇರಲಿ, ನೆರೆಯ ಬೆಂಚಿನವನು ಕೊಟ್ಟ ಹತ್ತು ರೂಪಾಯಿಯ ಬಗ್ಗೆ ಸಭೆಗೆ ಇರುವ ಕಾಳಜಿಯು ಕಾಣದ ದೇಶದಿಂದ ಬಂದ ಹತ್ತು ಸಾವಿರದ ಬಗ್ಗೆ ಇರಲಾರದು.

ಕಡೆಗೆ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಈ ವಾರವೇ ಒಂದು ಸಂಜೆ ಗಂಡಹೆಂಡಿರು ಕುಳಿತು ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾವ ಕಾಗದವು ಎಲ್ಲಿದೆ, ಬ್ಯಾಂಕಿನ ಖಾತೆಗೆ ನಾಮನಿರ್ದೇಶನವು ಯಾರ ಹೆಸರಿನಲ್ಲಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಸಭೆಯ ಹಣವೋ ಸಂಘದ ಹಣವೋ ನಿಮ್ಮ ವಶದಲ್ಲಿದ್ದರೆ ಅದನ್ನು ಮನೆಯ ಹಣದೊಂದಿಗೆ ಒಂದು ರಾತ್ರಿಯೂ ಬೆರೆಸಬೇಡಿರಿ. ನಿಮ್ಮ ಪುಸ್ತಕವನ್ನು ನೋಡುವುದಕ್ಕೆ ಇನ್ನೊಬ್ಬರನ್ನು ನೀವಾಗಿಯೇ ಕರೆಯಿರಿ. ಪರಲೋಕದ ಒಡೆಯನ ಮುಂದೆ ನಮ್ಮ ಲೆಕ್ಕವನ್ನು ನಾವೇ ಒಪ್ಪಿಸುವೆವು. ಇಹಲೋಕದಲ್ಲಿ ಅದನ್ನು ಒಪ್ಪಿಸುವ ಭಾರವು ಬಹುಮಟ್ಟಿಗೆ ನಮ್ಮ ಹಿಂದೆ ಉಳಿದವರ ಮೇಲೆ ಬೀಳುತ್ತದೆ. ಅವರು ತಲೆಯೆತ್ತಿ ಅದನ್ನು ಓದುವಂತೆ ಬರೆದಿಟ್ಟು ಹೋಗುವುದೇ ಮನೆವಾರ್ತೆಯವನ ಕೊನೆಯ ಕೆಲಸ.